ಹಕ್ಕಳೆ ಮತ್ತು ಕುಲಾವಿ

ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳನ್ನು ನಮ್ಮ ಕಡೆ ಜನ ಬಂದಾಗ ಒಮ್ಮೆ ನೋಡುತ್ತಾರೆ, ಹೋಗುವಾಗ ಒಮ್ಮೆ ನೋಡುತ್ತಾರೆ. ಬಂದಾಗ ನೋಡುವುದು ಬಸುರಿಯನ್ನು. ಹೋಗುವಾಗ ನೋಡುವುದು ಮಾತ್ರ ಅವಳ ತಾಯಿಯನ್ನು. ಬಾಣಂತಿಯ ಕೆನ್ನೆ ತುಂಬಿದೆಯೋ ಇಲ್ಲವೋ, ಕೂಸಿನ ತೊಡೆಯಲ್ಲಿ ಮಡಿಕೆ ಬಿದ್ದಿವೆಯೋ ಇಲ್ಲವೋ, ತಲೆ ದುಂಡಗಾಗಿದೆಯೋ ಚಪ್ಪಟೆಯಾಗಿದೆಯೋ, ಎಲ್ಲ ಗುಣವೂ ಎಲ್ಲ ದೋಷವೂ ತಾಯಿಯ ಹೆಸರಿಗೇ ಜಮಾ. ನಾನು ಸುರಪುರದಲ್ಲಿ ಕನ್ನಡ ಶಾಲೆಯ ಶಿಕ್ಷಕಿ. ಮಕ್ಕಳ ಉತ್ತರ ಪತ್ರಿಕೆ ತಿದ್ದಿ ತಿದ್ದಿ ಕೈ ಸವೆದಿದೆ. ಆದರೂ ಬಾಣಂತನ ನೋಡಲು ಬರುವ ಹೆಂಗಸರಷ್ಟು ಬಿಗಿಯಾಗಿ ನಾನು ಯಾರನ್ನೂ ತಿದ್ದಿಲ್ಲ.

ನನ್ನ ತವರು ಶಹಾಪುರದ ಹತ್ತಿರದ ಸಗರ. ಅಪ್ಪ ಅವ್ವನಿಗೆ ನಾನೊಬ್ಬಳೇ ಮಗಳು. ಅವ್ವನ ತಾಯಿ ಅವ್ವ ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಹಾಗಾಗಿ ಅವ್ವನಿಗೆ ತವರಿನ ಬಾಣಂತನ ಅನ್ನುವುದೇ ಸಿಗಲಿಲ್ಲ. ನನ್ನನ್ನು ಹೆತ್ತದ್ದು ಇದೇ ಗಂಡನ ಮನೆಯಲ್ಲಿ. ಆಗ ಅವಳಿಗೆ ಬಿಸಿನೀರು ಕಾಸಿ ಕೊಟ್ಟವರು ಕಮ್ಮಿ, ಹೊಲಕ್ಕೆ ಯಾವಾಗ ಬರುತ್ತೀ ಎಂದು ಕೇಳಿದವರು ಬಹಳ. ತಾನು ಉಣ್ಣದ ಊಟವನ್ನು ಮಗಳಿಗೆ ಬಡಿಸಬೇಕು ಎಂಬ ಹಟ ಅವಳಲ್ಲಿ ಎಷ್ಟು ವರ್ಷಗಳಿಂದ ಇತ್ತೋ ಏನೋ, ನಾನು ಬಸುರಿ ಎಂದು ಫೋನು ಮಾಡಿದ ದಿನವೇ ಅದು ಎದ್ದು ಸೊಂಟಕ್ಕೆ ಸೆರಗು ಬಿಗಿಯಿತು.

ಅಂಟಿನುಂಡಿಗೆ ಬೇಕಾದ ಅಂಟು, ಒಣ ಕೊಬ್ಬರಿ, ಉತ್ತತ್ತಿ ಎಲ್ಲ ಶಹಾಪುರದ ಸಂತೆಯಿಂದ ಬಂದವು. ಅಪ್ಪ ನೀರು ಕಾಸಲು ಹತ್ತಿಕಟ್ಟಿಗೆ ಹೊರೆ ಹೊರೆ ತಂದು ಹಿತ್ತಲಲ್ಲಿ ಒಟ್ಟಿದ. ಆದರೆ ಅವ್ವನ ಹೆಮ್ಮೆಯೆಲ್ಲ ಇದ್ದದ್ದು ಔಡಲ ಎಣ್ಣೆಯಲ್ಲಿ, ಅಂದರೆ ಹರಳೆಣ್ಣೆಯಲ್ಲಿ. ಹೊಲದ ಬದುವಿನ ಮೇಲೆ ಯಾರೂ ಬಿತ್ತದೆ ಬೆಳೆದ ಔಡಲ ಗಿಡದ ಬೀಜ ಆರಿಸಿದಳು, ಹುರಿದಳು, ಒರಳಲ್ಲಿ ಕುಟ್ಟಿದಳು, ನೀರಿಗೆ ಹಾಕಿ ಕುದಿಸಿ ಮೇಲೆ ತೇಲಿದ ಎಣ್ಣೆಯನ್ನು ಸೌಟಿನಿಂದ ಹಗುರಕ್ಕೆ ಎತ್ತಿದಳು. ಓಣಿಯ ತುಂಬ ವಾಸನೆ. ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಅಂಗಡಿ ಎಣ್ಣಿ ಅಂಗಡಿಯವ್ರ ಮಕ್ಕಳಿಗಿ" ಎಂದುಬಿಟ್ಟಳು.

ಹೆಣ್ಣು ಕೂಸು ಹುಟ್ಟಿತು. ಅವ್ವ ದಿನಾಲೂ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು. ಮೈಯನ್ನು ಎಷ್ಟು ಚೆನ್ನಾಗಿ ತಿಕ್ಕುತ್ತಿದ್ದಳು ಎಂದರೆ ನೋಡುತ್ತ ನಿಂತ ನನಗೂ ನಿದ್ದೆ ಬರುತ್ತಿತ್ತು. ತಲೆಯ ವಿಷಯಕ್ಕೆ ಬಂದಾಗ ಮಾತ್ರ ಅವಳ ಕೈ ಹೆದರುತ್ತಿತ್ತು. ಎಳೆಗೂಸಿನ ನೆತ್ತಿ ಇನ್ನೂ ಕೂಡಿರುವುದಿಲ್ಲ, ಅದು ಮೆಲ್ಲಗೆ ಆಡುತ್ತಿರುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿ ನೀರು ಇಳಿಯಬಾರದು, ಸಾಬೂನು ತಾಗಬಾರದು, ನೆತ್ತಿ ಒಂದು ಗಳಿಗೆಯೂ ಒಣಗಬಾರದು ಎಂದು ಅವಳು ಎಲ್ಲಿಯೋ ಕೇಳಿದ್ದಳು. ಹಾಗಾಗಿ ತಲೆಗೆ ಒದ್ದೆ ಕೈ ಸವರಿದಂತೆ ಮಾಡಿ, ಅಂಗೈ ತುಂಬ ಔಡಲ ಎಣ್ಣೆ ಒತ್ತಿ, ಮೇಲೆ ಕುಲಾವಿ ಕಟ್ಟಿಬಿಡುತ್ತಿದ್ದಳು. ತನ್ನ ಮದುವೆಯ ಕುಪ್ಪಸದ ಬಟ್ಟೆಯಿಂದ ತಾನೇ ಹೊಲಿದ, ಗದ್ದದ ಕೆಳಗೆ ಲಾಡಿ ಕಟ್ಟುವ ಕೂಸಿನ ಟೊಪ್ಪಿಗೆ ಅದು. ನಿನ್ನೆಯ ಎಣ್ಣೆಯ ಮೇಲೆ ಇವತ್ತಿನ ಎಣ್ಣೆ, ಅದರ ಮೇಲೆ ಕುಲಾವಿ, ಅದರ ಮೇಲೆ ನಮ್ಮ ಸಗರದ ಬಿಸಿಲು.

ತಿಂಗಳೆರಡು ಕಳೆಯುವುದರೊಳಗೆ ಕೂಸಿನ ತಲೆಯ ಮೇಲೆ ಹಕ್ಕಳೆ ಕಟ್ಟಿತು. ಮೊದಲು ನೆತ್ತಿಯ ಸುತ್ತ ಹಳದಿ ಹೊಟ್ಟಿನ ಹಾಗೆ ಕಂಡಿತು. ಆಮೇಲೆ ಹಾಲು ಕಾಸಿದ ಪಾತ್ರೆಯ ತಳ ಹಿಡಿದ ಹಾಗೆ ದಪ್ಪಗೆ, ಜಿಡ್ಡಾಗಿ, ಹುಬ್ಬಿನವರೆಗೂ ಇಳಿಯಿತು. ಅದರ ಅಡಿ ಸಿಕ್ಕಿಕೊಂಡ ಕೂದಲು ಎತ್ತಲೂ ಆಗುತ್ತಿರಲಿಲ್ಲ. ಕೂಸಿಗೆ ಇದರ ಪರಿವೆಯೇ ಇರಲಿಲ್ಲ. ಹಾಲು ಕುಡಿಯುತ್ತಿತ್ತು, ನಗುತ್ತಿತ್ತು, ನಮ್ಮ ಅಪ್ಪನ ಮೀಸೆಯನ್ನೇ ಕಣ್ಣರಳಿಸಿ ನೋಡುತ್ತಿತ್ತು. ಸಂಕಟ ಪೂರಾ ಅವ್ವನದು. ಯಾರಾದರೂ ಬಾಗಿಲಿಗೆ ಬಂದರೆ ಅವಳ ಕೈ ತಾನಾಗಿ ಕುಲಾವಿಯ ಲಾಡಿಗೆ ಹೋಗುತ್ತಿತ್ತು. ಹಕ್ಕಳೆ ಕಂಡಷ್ಟೂ ನೆತ್ತಿ ಒಣಗಿದೆ ಎಂದು ತಿಳಿದು ಇನ್ನಷ್ಟು ಎಣ್ಣೆ ಹಾಕುತ್ತಿದ್ದಳು.

ಪಕ್ಕದ ಮನೆಯಲ್ಲಿ ನಮ್ಮ ಸೋದರತ್ತೆ ಇದ್ದಾಳೆ, ಅಪ್ಪನ ಅಕ್ಕ. ಒಳ್ಳೆಯವಳು. ಆದರೆ ಅವಳ ಕೈಗೆ ಯಾರು ಮೊಬೈಲು ಕೊಟ್ಟರೋ ಅವರನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಬೆಳಗಾದರೆ ಒಂದು ವಿಡಿಯೋ ಹಿಡಿದು ಬರುತ್ತಿದ್ದಳು. ಒಂದು ದಿನ ಬೇವಿನ ತಪ್ಪಲು, ಒಂದು ದಿನ ನಿಂಬೆಹಣ್ಣು, ಮತ್ತೊಂದು ದಿನ ಸೀಗೆಪುಡಿ. ಎಳೆಗೂಸಿನ ತಲೆಗೆ ನಿಂಬೆಹಣ್ಣು ಹಿಂಡಲು ಇದೇನು ಉಪ್ಪಿನಕಾಯಿಯೇ ಎಂದು ನಾನು ಹರಿಹಾಯ್ದೆ. ಸೋದರತ್ತೆ ಮುಖ ಗಂಟು ಹಾಕಿಕೊಂಡು ಹೋದವಳು ಮಾರನೆಯ ದಿನ ಮತ್ತೆ ಬಂದಳು. ಈ ಸಲ ಹಾಲಿನ ಕೆನೆಯಲ್ಲಿ ಕಡಲೆಹಿಟ್ಟು ಕಲಸಿ ಹಚ್ಚುವ ಉಪಾಯ. ಕೇಳಲು ಸಾಧುವಾಗಿತ್ತು. ನಾನು ಮಲಗಿದ್ದಾಗ ಅವ್ವ ಅದನ್ನು ಹಚ್ಚಿಯೇಬಿಟ್ಟಳು.

ನಾನು ಎದ್ದು ನೋಡಿದರೆ ಹಿಟ್ಟು ಹಕ್ಕಳೆಯ ಸಂದಿಯಲ್ಲೆಲ್ಲ ಕೂತು, ಒಣಗಿ ಗಟ್ಟಿಯಾಗಿತ್ತು. ಕೆನೆ ಹುಳಿ ಹುಳಿ ನಾರುತ್ತಿತ್ತು. ತೊಟ್ಟಿಲ ಹಗ್ಗದ ಮೇಲಿಂದ ಇರುವೆಯ ಸಾಲು ಇಳಿಯುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅವ್ವನ ಮುಖ ನೋಡಿದೆ. ಅವಳು ಒಂದು ಕೈಯಿಂದ ಇರುವೆ ಒರೆಸುತ್ತ, ಇನ್ನೊಂದು ಕೈಯಲ್ಲಿ ಕೂಸನ್ನು ಎದೆಗೊತ್ತಿಕೊಂಡಿದ್ದಳು. "ನಾಳಿಗಿ ದವಾಖಾನಿಗಿ ಹೋಗೂನು ಬೇ" ಎಂದೆ. ಅವ್ವ ತಲೆಯಾಡಿಸಿದಳು.

ಶಹಾಪುರದಲ್ಲಿ ಮಕ್ಕಳನ್ನು ನೋಡುವ ಡಾಕ್ಟರಮ್ಮ ಇನ್ನೂ ಸಣ್ಣ ವಯಸ್ಸಿನವರು. ಕುಲಾವಿ ಬಿಚ್ಚಿಸಿ ನೋಡಿದರು, ಕಿವಿಯ ಹಿಂದೆ, ಕುತ್ತಿಗೆಯ ಮಡಿಕೆಯಲ್ಲಿ, ಕಂಕುಳಲ್ಲಿ ನೋಡಿದರು. ಆಮೇಲೆ ನಕ್ಕರು. "ಏನೂ ಇಲ್ಲರಿ. ಬಾಳ ಕೂಸುಗಳಿಗಿ ಆಗ್ತದ, ತಾನೇ ಹೋಗ್ತದ. ಕೂಸಿಗಿ ತುರಿಕಿ ಇಲ್ಲ, ಉರಿ ಇಲ್ಲ. ತಲಿಗಿ ಏನ್ ಹಚ್ಚತೀರಿ?"

"ಔಡಲ ಎಣ್ಣಿ ರೀ. ಮನ್ಯಾಗ ತಗದದ್ದು," ಅವ್ವ ಹೇಳಿದಳು. ಆ ಮನ್ಯಾಗ ಅನ್ನುವ ಶಬ್ದದಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

"ಹಚ್ಚಿ ತೊಳೀತೀರೇನು?"

"ಇಲ್ರಿ. ಕುಲಾವಿ ಕಟ್ಟತೀನಿ."

"ಅದಕ್ಕೇ ಇಷ್ಟು ದಪ್ಪ ಕಟ್ಟ್ಯಾದ. ಆ ಎಣ್ಣಿ ಬಾಳ ಅಂಟು. ಹಚ್ಚಿ ಮುಚ್ಚಿಟ್ರ ಹೊಟ್ಟು ಅಲ್ಲೇ ಕೂಡ್ತದ. ಸ್ವಲ್ಪ ಕೊಬ್ಬರಿ ಎಣ್ಣಿ ಸವರ್ರಿ, ನೆನೀಲಿ, ಮೆತ್ತನ ಅರಿವಿಲಿಂದ ಹಗೂರ ತಿಕ್ಕಿ, ಕೂಸಿನ ಸಾಬೂನು ಹಚ್ಚಿ ಎಣ್ಣಿ ಪೂರಾ ಹೋಗೋಹಂಗ ತೊಳೀರಿ. ಉಗುರು ಹಚ್ಚಬ್ಯಾಡ್ರಿ, ಕೆರಿಬ್ಯಾಡ್ರಿ. ಕೆಂಪಗಾದ್ರ, ನೀರು ಸೋರಿದ್ರ, ಮೈಗೆಲ್ಲ ಹಬ್ಬಿದ್ರ ತೋರಸಾಕ ಬರ್ರಿ."

ಅವ್ವ ಎದ್ದು ಬರಲಿಲ್ಲ. ಕುರ್ಚಿಯ ತುದಿಗೆ ಕೂತು, "ಸಾಬೂನು ಅಂದ್ರ ನೆತ್ತಿಗೂ ರೀ?" ಎಂದು ಕೇಳಿದಳು. ಡಾಕ್ಟರಮ್ಮ ಅವಳ ಬೆರಳು ಹಿಡಿದು ಕೂಸಿನ ನೆತ್ತಿಯ ಮೇಲೆ ಇಟ್ಟು, ಎಷ್ಟು ಭಾರ ಬಿಡಬಹುದು ಎಂದು ತೋರಿಸಿದರು. ಒಳಗೆ ಗಟ್ಟಿ ಪೊರೆ ಇದೆ, ಮೆತ್ತನೆ ಕೈಯಿಂದ ತೊಳೆದರೆ ಏನೂ ಆಗುವುದಿಲ್ಲ ಎಂದರು. ಇದು ಬಾಣಂತನದ ತಪ್ಪಲ್ಲ, ಎಣ್ಣೆ ಹಚ್ಚದ ಮಕ್ಕಳಿಗೂ ಬರುತ್ತದೆ ಎಂದೂ ಹೇಳಿದರು. ಆ ಮಾತು ಮಾತ್ರ ಅವ್ವನ ಕಿವಿಗೆ ಬೀಳಲಿಲ್ಲ. ದಪ್ಪ ಕಟ್ಟಿದ್ದು ತನ್ನ ಎಣ್ಣೆಯಿಂದ ಎನ್ನುವಷ್ಟನ್ನೇ ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಸಗರ ಬರುವ ತನಕ ಕಿಟಕಿಯ ಹೊರಗಿನ ತೊಗರಿ ಹೊಲಗಳನ್ನು ನೋಡುತ್ತ ಕೂತಳು.

ಮನೆಗೆ ಬಂದವಳು ಔಡಲ ಎಣ್ಣೆಯ ಡಬ್ಬಿ ತೆಗೆದು ಅಪ್ಪನ ಕೈಗೆ ಕೊಟ್ಟು, "ಬಾಗಿಲಿಗಿ ಹಾಕು" ಎಂದಳು. ಅಪ್ಪ ಕಣ್ಣು ಕಣ್ಣು ಬಿಟ್ಟ. ಅವ್ವ ಹಟದ ಹೆಂಗಸು. ಉಪ್ಪು ಹೆಚ್ಚಾಗಿದೆ ಎಂದರೆ ನಿನ್ನ ನಾಲಗೆಯೇ ಸರಿಯಿಲ್ಲ ಅನ್ನುವ ಪೈಕಿ. ಅಂಥವಳು, ತಿಂಗಳುಗಟ್ಟಲೆ ಬೆವರು ಸುರಿಸಿ ತೆಗೆದ ಎಣ್ಣೆಯನ್ನು, ತಪ್ಪು ಎಂದು ಗೊತ್ತಾದ ದಿನವೇ ಕೈಬಿಟ್ಟಳು. ನನಗೆ ಅವಳ ಮೇಲೆ ಅಭಿಮಾನ ಉಕ್ಕಿತು. ನಮ್ಮ ಸ್ಟಾಫ್ ರೂಮಿನಲ್ಲಿ ತಪ್ಪು ಗೊತ್ತಾದ ಮೇಲೂ ವರ್ಷಗಟ್ಟಲೆ ಅದನ್ನೇ ಸಮರ್ಥಿಸುವವರನ್ನು ನಾನು ದಿನಾ ನೋಡುತ್ತೇನೆ. ಆ ವರ್ಷ ನಮ್ಮ ಮನೆಯ ಯಾವ ಬಾಗಿಲೂ ಕಿರ್ ಅನ್ನಲಿಲ್ಲ.

ಮರುದಿನದಿಂದ ಅವ್ವ ಹೊಸದಾಗಿ ಕಲಿಯತೊಡಗಿದಳು. ಅಪ್ಪನ ಹಳೆಯ ಧೋತರದಲ್ಲಿ ಒಗೆದು ಒಗೆದು ಬೆಣ್ಣೆಯಾಗಿದ್ದ ಮೂಲೆಯನ್ನೇ ಹುಡುಕಿ ಹರಿದುಕೊಂಡಳು. ಬೆಳಿಗ್ಗೆ ಬಚ್ಚಲ ಒಲೆಗೆ ಉರಿ ಹಾಕುವ ಮೊದಲು ಕೊಬ್ಬರಿ ಎಣ್ಣೆ ನಾಲ್ಕು ಹನಿ ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಕ್ಕಳೆಯ ಮೇಲಷ್ಟೇ ಸವರುತ್ತಿದ್ದಳು. ನೀರು ಕಾಯುವ ತನಕ ಅದು ನೆನೆಯುತ್ತಿತ್ತು. ಆಮೇಲೆ ಬಟ್ಟೆಯನ್ನು ಬೆರಳಿಗೆ ಸುತ್ತಿ, ರೊಟ್ಟಿಯ ಹಿಟ್ಟು ನಾದುವ ಬಲವನ್ನೆಲ್ಲ ಎಲ್ಲಿಯೋ ಇಟ್ಟು ಬಂದವಳ ಹಾಗೆ, ಸುತ್ತ ಸುತ್ತ ಆಡಿಸುತ್ತಿದ್ದಳು. ಬಿಟ್ಟುಕೊಂಡ ಪದರ ಬಟ್ಟೆಗೆ ಹತ್ತಿ ಬರುತ್ತಿತ್ತು. ಬಿಡದ್ದನ್ನು ಅವಳು ಮುಟ್ಟುತ್ತಿರಲಿಲ್ಲ. ಕಿವಿಗೆ ನೀರು ಹೋಗದಂತೆ ಎಡಗೈ ಅಡ್ಡ ಹಿಡಿದು ಸಾಬೂನು ತೊಳೆದು, ಒತ್ತಿ ಒರೆಸಿ, ತಲೆಯನ್ನು ಬಯಲಿಗೆ ಬಿಡುತ್ತಿದ್ದಳು. ಮನೆಯೊಳಗೆ ಕುಲಾವಿ ಬಂದ್.

ಮೊದಲ ಸಲ ನೆತ್ತಿಗೆ ಸಾಬೂನು ಹಚ್ಚಿದಾಗ ಅವಳು ಉಸಿರು ಬಿಗಿಹಿಡಿದಿದ್ದಳು. ತೊಳೆದಾದ ಮೇಲೆ ಕೂಸು ಸೀನಿತು. ಅಷ್ಟಕ್ಕೇ ಅವ್ವನ ಮುಖದ ರಕ್ತ ಇಳಿದುಹೋಯಿತು. ಕೂಸು ಇನ್ನೊಮ್ಮೆ ಸೀನಿ ನಕ್ಕಿತು. ಅವ್ವ ಅಲ್ಲೇ ಬಚ್ಚಲ ಕಲ್ಲಿನ ಮೇಲೆ ಕೂತು ಅತ್ತಳು. ಹೆದರಿಕೊಂಡೂ ಸರಿಯಾದ ಕೆಲಸ ಮಾಡುವುದು ಎಷ್ಟು ಕಷ್ಟ ಎನ್ನುವುದನ್ನು ನಾನು ಆವತ್ತು ಆ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದೆ.

ಆದರೆ ಹಕ್ಕಳೆಗೆ ಅವಸರವಿರಲಿಲ್ಲ. ಅದು ಹೋಗುತ್ತ ಹೋಗುತ್ತ ಇನ್ನೂ ಕೆಟ್ಟದಾಗಿ ಕಾಣತೊಡಗಿತು. ಪದರ ಬಿಟ್ಟ ಕಡೆ ಅದರ ಜೊತೆ ಕೂದಲೂ ಉದುರಿ ಬೋಳು. ಬಿಡದ ಕಡೆ ಇನ್ನೂ ಹಳದಿ ದಿಬ್ಬ. ಡಾಕ್ಟರಮ್ಮನಿಗೆ ಫೋನು ಮಾಡಿದರೆ, ಕೂದಲು ಮತ್ತೆ ಬರುತ್ತದೆ, ಚಿಂತೆ ಬೇಡ ಎಂದರು. ಸರಿ, ಬರುತ್ತದೆ. ಆದರೆ ಐದನೇ ತಿಂಗಳು ಅದಕ್ಕಿಂತ ಮೊದಲು ಬಂತು. ಐದನೇ ತಿಂಗಳಿಗೆ ತಾಯಿ ಮಗುವನ್ನು ಕರೆದೊಯ್ಯಲು ಬೀಗರು ಬರುವ ಪದ್ಧತಿ. ಸುರಪುರದಿಂದ ನಮ್ಮ ಅತ್ತೆಯ ಫೋನು ಬಂತು: "ಬರೋ ಸೋಮವಾರ ಚಲೋ ದಿನ ಅದ. ಬರ್ತೀವಿ."

ನಮ್ಮ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಕಟುಕಿಯಲ್ಲ, ಆದರೆ ಮಾತು ನೇರ. ಎದುರಿನವರಿಗೆ ಕೂರಲು ಚಾಪೆ ಹಾಕಿ, ಕೂತ ಮೇಲೆ ಅವರ ಸೀರೆ ಚೆನ್ನಾಗಿಲ್ಲ ಎಂದು ಹೇಳುವ ಜಾತಿ. ಆ ಮನೆತನದಲ್ಲಿ ಒಂದು ರೂಢಿಯೂ ಇತ್ತು. ಸೊಸೆಯನ್ನು ಕರೆದೊಯ್ಯುವ ದಿನ ಅತ್ತೆ ಹೊಸ ಕುಂಚಿಗೆ ತರುತ್ತಾಳೆ, ಬೆನ್ನ ತನಕ ಇಳಿಬೀಳುವ, ಮಣಿ ಗೆಜ್ಜೆ ಕಟ್ಟಿದ ಟೊಪ್ಪಿಗೆ. ತವರಿನ ಕುಲಾವಿ ಬಿಚ್ಚಿ, ಬರಿ ತಲೆಗೆ ಕೈ ಸವರಿ, ಎಲ್ಲರೆದುರು ಅದನ್ನು ತೊಡಿಸುತ್ತಾಳೆ. ಆಮೇಲೆ ಕೂಸು ಆ ಮನೆಯದು. ಅಂದರೆ ತಲೆ ಮುಚ್ಚಿಕೊಂಡು ಪಾರಾಗುವ ದಾರಿಯೇ ಇರಲಿಲ್ಲ.

ಭಾನುವಾರ ಸೋದರತ್ತೆ ಮೊಬೈಲು ಬಿಟ್ಟು ಬಂದಳು. ಕೈಯಲ್ಲಿ ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆ ಇತ್ತು. ತಂಬಿಗೆ ಬಿಸಿ ಎಣ್ಣೆ ಹಾಕಿ ನೆನೆಸಿ, ಹಣಿಗೆಯಿಂದ ಒಂದೇ ಏಟಿಗೆ ಎಲ್ಲ ಎಳೆದು ತೆಗೆದುಬಿಡೋಣ, ನಾಳೆ ಒಂದು ದಿನ ತಲೆ ಹಸನಾಗಿ ಕಂಡರೆ ಸಾಕು ಎಂದಳು. ಸ್ವಲ್ಪ ಕೆಂಪಾದರೆ ಪೌಡರು ಹಾಕಿದರಾಯಿತಂತೆ. "ನಿನ್ನ ಸಲುವಾಗೇ ಹೇಳಾಕತ್ತೀನಿ. ಊರಾಗ ನಿನ್ನ ಬಾಣಂತನದ ಹೆಸರ ಹೋಗ್ತದ ನೋಡು. ತಾಯಿ ಇಲ್ಲದಾಕಿ, ಆಕಿಗೇನ್ ಗೊತ್ತದ ಅಂತಾರ."

ಆ ಕೊನೆಯ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅವ್ವ ತುಸು ಹೊತ್ತು ಹಣಿಗೆಯನ್ನೇ ನೋಡಿದಳು. ಆಮೇಲೆ ಅದನ್ನು ಸೋದರತ್ತೆಯ ಕೈಯಿಂದ ತೆಗೆದುಕೊಂಡು ಗೂಡಿನಲ್ಲಿ ಇಟ್ಟಳು.

"ನನ್ನ ಹೆಸರು ಉಳಸಾಕ ಕೂಸಿನ ತಲಿ ಕೆರೀಲೇನು?" ಎಂದಳು. "ಹೋಗೂದಿದ್ರ ಹೋಗಲಿ."

ಅವಳ ದನಿ ಏರಲಿಲ್ಲ. ನಾನು ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದೆ. ನನ್ನ ತಾಯಿ ಇವಳು ಎಂದು ಎದ್ದು ನಿಂತು ಓಣಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಸೋಮವಾರ ಬಾಡಿಗೆ ಜೀಪಿನಲ್ಲಿ ಬೀಗರು ಬಂದರು. ಅತ್ತೆ, ನನ್ನ ಗಂಡ, ಜೊತೆಗೆ ಓಣಿಯ ನಾಲ್ಕೈದು ಹೆಂಗಸರು. ಹೋಳಿಗೆ, ಎಣ್ಣೆಗಾಯಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಊಟವನ್ನು ಎಲ್ಲರೂ ಹೊಗಳಿದರು. ನನ್ನ ಕೆನ್ನೆ ನೋಡಿ ಬಾಣಂತನ ಹತ್ತಿದೆ ಎಂದರು. ಅವ್ವ ಬಡಿಸಿದಳು, ತಾನು ಒಂದು ತುತ್ತು ಉಣ್ಣಲಿಲ್ಲ. ಹೊರಗೆ ಕರೆತರುವಾಗ ಕೂಸಿಗೆ ಕುಲಾವಿ ಕಟ್ಟಿದ್ದೆವು. ಊಟವಾದ ಮೇಲೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂತರು. ಅತ್ತೆ ಕೆಂಪು ಖಣದ ಕುಂಚಿಗೆ ತೆಗೆದಳು. ಎಲ್ಲರ ಕಣ್ಣೂ ಕೂಸಿನ ಮೇಲೆ.

ಸೋದರತ್ತೆಗೆ ತಡೆಯಲಾಗಲಿಲ್ಲ. "ಕೂಸಿಗಿ ನೆಗಡಿ ಆಗ್ಯಾದ್ರಿ. ಕುಲಾವಿ ತಗೀಬ್ಯಾಡ್ರಿ, ಮ್ಯಾಲೇ ಹಾಕ್ರಿ" ಎಂದಳು. ಪಾಪ, ಅವಳ ಮನಸ್ಸು ನಮ್ಮ ಕಡೆಗೇ ಇತ್ತು. ಅತ್ತೆಯ ಕೈ ನಿಂತಿತು. ಇನ್ನೇನು ಕುಲಾವಿಯ ಮೇಲೆ ಕುಂಚಿಗೆ ಬೀಳಬೇಕು, ಜೀಪು ಹೊರಡಬೇಕು, ಇಷ್ಟೇ ಬಾಕಿ.

"ನೆಗಡಿ ಇಲ್ರಿ," ಎಂದಳು ಅವ್ವ. ಮುಂದೆ ಬಂದು, ಅತ್ತೆಯ ಎದುರು ಕೂತು, ತಾನೇ ಲಾಡಿ ಬಿಚ್ಚಿ ಕುಲಾವಿ ತೆಗೆದಳು. ಪಡಸಾಲೆಯ ಬೆಳಕಿನಲ್ಲಿ ಆ ಪುಟ್ಟ ತಲೆ, ಅಲ್ಲಿ ಬೋಳು ಇಲ್ಲಿ ಹಳದಿ, ಎಲ್ಲರಿಗೂ ಕಂಡಿತು. ಒಬ್ಬಳು ಅಯ್ಯ ಎಂದಳು. "ಹಕ್ಕಳಿ ಆಗ್ಯಾದ್ರಿ. ಬಂದದ್ದು ತಾನೇ ಬಂತು. ನಾ ಔಡಲ ಎಣ್ಣಿ ಹಚ್ಚಿ, ತೊಳೀದೆ ಮುಚ್ಚಿಟ್ಟು ಹೆಚ್ಚ ಮಾಡಿದೆ. ಕಡಲಿಹಿಟ್ಟೂ ಹಚ್ಚಿದೆ, ಅದೂ ತಪ್ಪು. ಈಗ ಡಾಕ್ಟರ್ ಹೇಳಿದಂಗ ಮಾಡಾಕತ್ತೀನಿ. ಇನ್ನೂ ಪೂರಾ ಹೋಗಿಲ್ಲ."

ಇಷ್ಟನ್ನೂ ಅವಳು ತಲೆ ಬಗ್ಗಿಸದೆ ಹೇಳಿದಳು. ನನ್ನ ಗಂಡ ಏನೋ ಹೇಳಲು ಬಾಯಿ ತೆರೆದ. ಅವನ ತಾಯಿ ಕಣ್ಣಿನಲ್ಲೇ ಸುಮ್ಮನಿರಿಸಿದಳು. ಕೂಸನ್ನು ಎತ್ತಿಕೊಂಡು, ತಲೆಯನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು, ಮೂಸಿ ನೋಡಿದಳು.

"ಔಡಲ ಹಚ್ಚಂತ ಯಾರ ಹೇಳಿದ್ರು?"

"ಯಾರೂ ಇಲ್ರಿ. ನನಗ ಹೇಳವ್ರು ಯಾರೂ ಇದ್ದಿಲ್ರಿ."

ಕೂಸು ಕುಂಚಿಗೆಯ ಗೆಜ್ಜೆ ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಆಮೇಲೆ ಅತ್ತೆ ಕುಂಚಿಗೆಯನ್ನು ತಲೆಗೆ ತೊಡಿಸದೆ, ಮಡಿಚಿ ಚೀಲದೊಳಗೆ ಇಟ್ಟಳು. ಕೂಸನ್ನು ಬಿಟ್ಟು ಹೋಗುತ್ತಾರೆ, ನಾಳೆ ಸಗರದ ತುಂಬ ಇದೇ ಮಾತು ಅಂದುಕೊಂಡೆ. ಅವ್ವನೂ ಹಾಗೇ ಅಂದುಕೊಂಡಿರಬೇಕು. ಅವಳ ಕಣ್ಣು ತುಂಬಿದ್ದವು.

"ಹಕ್ಕಳಿ ಮ್ಯಾಲ ಹೊಸ ಕುಂಚಿಗಿ ಯಾಕ ಈಗ. ತಲಿ ಹಸನಾದ ಮ್ಯಾಲ ಹಾಕೂನು," ಎಂದಳು ಅತ್ತೆ. "ಎದ್ದು ಎರಡು ಸೀರಿ ತಗೋರಿ ಅಕ್ಕಾರ. ನೀವೂ ಬರ್ರಿ."

"ನಾನು?"

"ಮತ್ತ ಯಾರು? ನನಗ ಗೊತ್ತದೇನು ಎಷ್ಟು ತಿಕ್ಕಬೇಕು, ಎಷ್ಟು ಬಿಡಬೇಕು? ಶುರು ಮಾಡಿದವ್ರು ನೀವು, ಮುಗಿಸವ್ರೂ ನೀವೇ."

ಆ ಮನೆತನದಲ್ಲಿ ಹೆಣ್ಣು ಕೊಟ್ಟವರು ಬಂದರೆ ಉಂಡು ಹೋಗುತ್ತಾರೆ, ರಾತ್ರಿ ಉಳಿಯುವುದಿಲ್ಲ. ನನ್ನ ಮದುವೆಯಾದ ಮೇಲೆ ಅವ್ವ ಸುರಪುರಕ್ಕೆ ಬಂದಾಗಲೆಲ್ಲ ಸಂಜೆಯ ಬಸ್ಸಿಗೇ ಹಿಂದಿರುಗಿದ್ದಳು. "ಬೀಗರ ಮನ್ಯಾಗ ನಾ ಹ್ಯಾಂಗ ಇರ್ಲಿರಿ, ಮಂದಿ ಏನಂದಾರು" ಎಂದಳು. ಅತ್ತೆ ಎದ್ದು ಸೆರಗು ಸರಿ ಮಾಡಿಕೊಂಡಳು. "ಮಂದಿ ಬಂದು ನೀರ ಕಾಸಿ ಕೊಡ್ತಾರೇನ್ರಿ? ಜಲ್ದಿ ಮಾಡ್ರಿ, ಜೀಪಿನವ ಕಾಯಾಕತ್ಯಾನ."

ಹೀಗೆ ಅವ್ವ ಸುರಪುರಕ್ಕೆ ಬಂದಳು. ಮೊದಮೊದಲು ಆ ಮನೆಯಲ್ಲಿ ಅವಳು ನಡೆಯುತ್ತಿದ್ದುದೇ ಗೋಡೆಗೆ ಅಂಟಿಕೊಂಡು. ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಸಾಕು ಅನ್ನುವಳು. ಬಚ್ಚಲಲ್ಲಿ ಕೂತಾಗ ಮಾತ್ರ ಅವಳು ಅವಳಾಗುತ್ತಿದ್ದಳು. ಅವ್ವ ಕಾಲು ಚಾಚಿ ಕೂಸನ್ನು ಹಾಕಿಕೊಂಡರೆ ಅತ್ತೆ ತಂಬಿಗೆಯಿಂದ ನೀರು ಬಿಡುವಳು. ಒಂದು ದಿನ ಅತ್ತೆಗೆ ತಾಳ್ಮೆ ತಪ್ಪಿ, ಅರ್ಧ ಎದ್ದು ನಿಂತಿದ್ದ ಒಂದು ಪದರವನ್ನು ಉಗುರಿನಿಂದ ಕೀಳಹೋದಳು. ಅವ್ವ ಪಟ್ಟನೆ ಅವಳ ಕೈಗೆ ಹೊಡೆದಳು. "ಬ್ಯಾಡ್ರಿ! ಅದು ತಾನೇ ಬರಬೇಕು."

ನಾನು ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದೆ. ಆ ಮನೆಯಲ್ಲಿ ಅತ್ತೆಯ ಮಾತಿಗೆ ಎದುರು ಮಾತೇ ಇಲ್ಲ, ಇನ್ನು ಕೈಗೆ ಏಟು! ಅವ್ವನಿಗೂ ತಾನು ಏನು ಮಾಡಿದೆ ಎಂದು ಆಮೇಲೆ ಹೊಳೆಯಿತು. ಅತ್ತೆ ತನ್ನ ಕೈಯನ್ನು ನೋಡಿಕೊಂಡಳು, ಅವ್ವನನ್ನು ನೋಡಿದಳು. ಆಮೇಲೆ ತಂಬಿಗೆ ಎತ್ತಿಕೊಂಡು ಮತ್ತೆ ನೀರು ಬಿಡತೊಡಗಿದಳು. "ಚಲೋ ಹೊಡೀತೀರಿ," ಎಂದಳು. ಇಬ್ಬರೂ ನಗಲಿಕ್ಕೆ ಹತ್ತಿದರು. ಕೂಸೂ ನಕ್ಕಿತು. ಆವತ್ತಿನಿಂದ ಅವ್ವ ಎರಡು ರೊಟ್ಟಿ ಉಂಡಳು.

ಹಕ್ಕಳೆ ತನ್ನ ಪಾಡಿಗೆ ತಾನು ಹೋಯಿತು. ಯಾವ ದಿನ ಪೂರ್ತಿ ಹೋಯಿತೆಂದು ಹೇಳಲಾರೆ. ಒಂದು ಬೆಳಿಗ್ಗೆ ಒರೆಸುವಾಗ ಬಟ್ಟೆಗೆ ಏನೂ ಹತ್ತಲಿಲ್ಲ, ಅಷ್ಟೇ. ಬೋಳಾಗಿದ್ದ ಕಡೆ ಎಳೆ ಕೂದಲು ಕಪ್ಪಗೆ ಚಿಗುರಿತ್ತು. ಅತ್ತೆ ಓಣಿಯ ಹೆಂಗಸರನ್ನು ಕರೆದು ಕುಂಚಿಗೆ ತೊಡಿಸಿದಳು. ಬಂದವರು ಸುಮ್ಮನಿರುತ್ತಾರೆಯೇ, ಸಗರದ ಪಡಸಾಲೆಯಲ್ಲಿ ಅಯ್ಯ ಎಂದವಳೂ ಅವರಲ್ಲಿದ್ದಳು. ಕೂಸಿನ ತಲೆ ಸವರಿ ನೋಡಿ, ಅತ್ತೆಗೆ, "ನಿಮ್ಮ ಕೈಗಿ ಬಂದ ಮ್ಯಾಲ ಹಸನಾತು ನೋಡ್ರಿ" ಎಂದಳು.

ಅವ್ವ ಒಳಗೆ ಸಗರಕ್ಕೆ ಹೊರಡುವ ತಯಾರಿಯಲ್ಲಿದ್ದಳು. ಸೀರೆ ಮಡಿಚಿ ಚೀಲಕ್ಕೆ ತುಂಬುತ್ತಿದ್ದಳು. ಆ ಮಾತು ಅವಳಿಗೂ ಕೇಳಿಸಿತು. ಅವಳ ಕೈ ನಿಂತದ್ದನ್ನು ನಾನು ನೋಡಿದೆ.

"ನನ್ನ ಕೈ ಏನ್ ಮಾಡ್ಯಾದ? ನೀರ ಹಾಕ್ಯಾದ," ಎಂದಳು ಅತ್ತೆ, ಹೊರಗಿನ ಓಣಿಗೂ ಕೇಳುವಷ್ಟು ಜೋರಾಗಿ. "ಮಾಡಿದಾಕಿ ಒಳಗಿದ್ದಾಳ." ಎಲ್ಲರ ಮುಂದೆ ಅವ್ವನನ್ನು ಕೂಗಿ ಕರೆದು, ಪಕ್ಕಕ್ಕೆ ಕೂರಿಸಿಕೊಂಡಳು. "ಅಕ್ಕಾರ, ಯಾದಗಿರಿಗಿ ಕೊಟ್ಟ ನನ್ನ ಮಗಳು ಬಸುರಿ ಅದಾಳ. ನಿನ್ನಿ ಫೋನ್ ಮಾಡಿದ್ಲು. ಚೊಚ್ಚಲ. ಬಾಣಂತನಕ್ಕ ಇಲ್ಲಿಗೇ ಬರ್ತಾಳ. ಆ ಕೂಸಿಗಿ ಎರಿಯಾಕ ನೀವು ಬರಬೇಕು."

ಅವ್ವ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಅತ್ತೆಯ ಮುಖ ನೋಡಿದಳು.

"ನಾ ಹ್ಯಾಂಗ ರೀ? ನನ್ನ ಕೈಲಿ ಮತ್ತ ತಪ್ಪಾದೀತು."

"ಆದ್ರ ಆಗಲಿ," ಎಂದಳು ಅತ್ತೆ. "ತಪ್ಪು ಯಾರ ಕೈಲೂ ಆಗ್ತದ. ನೀವು ಮುಚ್ಚಿಡವ್ರಲ್ಲ, ನನಗ ಅಷ್ಟ ಸಾಕು."

ಅವ್ವನಿಗೆ ದುಃಖ ಒತ್ತಿ ಬಂತು. ತಡೆಯಲಿಲ್ಲ, ಎಲ್ಲರೆದುರಿಗೇ ಅತ್ತಳು. ಆಮೇಲೆ ಸೆರಗಿನಿಂದ ಮುಖ ಮೂಗು ಒರೆಸಿಕೊಂಡು, "ಯಾವ ತಿಂಗಳಾಗ ಬರ್ಲಿರಿ?" ಎಂದು ಕೇಳಿದಳು.